ಅಯಾನು ಮಂಡಲದಿಂದ ಬಾಹ್ಯಾಕಾಶಕ್ಕೆ: ಡಾ. ವಿಕ್ರಂ ಸಾರಾಭಾಯಿ ಅವರ ಜೀವನ ಮತ್ತು ಸಾಧನೆ

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹರೆಂದು ಗೌರವಿಸಲಾಗುವ ಡಾ. ವಿಕ್ರಂ ಅಂಬಾಲಾಲ್ ಸಾರಾಭಾಯಿ ಅವರು ಅಹಮದಾಬಾದಿನ ಹೆಸರಾಂತ ಜೈನ ಮನೆತನದಲ್ಲಿ ಜನಿಸಿದವರು. ಇಸ್ರೋ, ಉಪಗ್ರಹ, ಚಂದ್ರಯಾನ ಎಂದಾಗಲೆಲ್ಲ ಅವರ ಹೆಸರು ನೆನಪಾಗುತ್ತದೆ. ಆದರೆ ಅವರ ಕೆಲಸ ಆರಂಭವಾದದ್ದು ಉಪಗ್ರಹದಿಂದಲ್ಲ. ಕಣ್ಣಿಗೆ ಕಾಣದ ವಿಶ್ವಕಿರಣಗಳನ್ನು ಎಣಿಸುವುದರಿಂದ ಮತ್ತು ನಮ್ಮ ತಲೆಯ ಮೇಲಿನ ಅಯಾನು ಮಂಡಲದ ಏರಿಳಿತವನ್ನು ಅಳೆಯುವುದರಿಂದ ಅದು ಆರಂಭವಾಯಿತು. ದೇಶದ ಮೊದಲ ರಾಕೆಟ್ ನೆಲೆ ಸ್ಥಾಪನೆಯಾದದ್ದೂ ಈ ಅಳತೆಗಾಗಿಯೇ. ಆ ಅಳತೆಯ ಎಳೆ ಇಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನವರೆಗೂ ಬಂದು ಮುಟ್ಟಿದೆ.

ಮನೆತನ ಮತ್ತು ಬಾಲ್ಯ

ವಿಕ್ರಂ ಅವರು 1919ರ ಆಗಸ್ಟ್ 12ರಂದು ಶ್ರೀ ಅಂಬಾಲಾಲ್ ಮತ್ತು ಶ್ರೀಮತಿ ಸರಳಾದೇವಿ ದಂಪತಿಯ ಎಂಟು ಮಕ್ಕಳಲ್ಲಿ ಒಬ್ಬರಾಗಿ ಜನಿಸಿದರು. ಮನೆತನದ ಮುಖ್ಯ ಉದ್ಯಮ ಬಟ್ಟೆ ಗಿರಣಿ. ಅಹಮದಾಬಾದಿನ ಕ್ಯಾಲಿಕೋ ಮಿಲ್ಸ್ ಇವರದೇ. ಶ್ರೀಮಂತಿಕೆಗಿಂತಲೂ ಈ ಮನೆತನಕ್ಕೆ ಹೆಸರು ತಂದದ್ದು ಅದರ ಔದಾರ್ಯ. 1915ರಲ್ಲಿ ಗಾಂಧೀಜಿಯವರು ತಮ್ಮ ಆಶ್ರಮಕ್ಕೆ ಅಸ್ಪೃಶ್ಯರೆನಿಸಿಕೊಂಡಿದ್ದ ಕುಟುಂಬವೊಂದನ್ನು ಸೇರಿಸಿಕೊಂಡಾಗ ದಾನಿಗಳು ಕೈಬಿಟ್ಟರು. ಆಶ್ರಮ ಮುಚ್ಚುವ ಸ್ಥಿತಿ ಬಂದಾಗ ಹೆಸರು ಹೇಳಿಕೊಳ್ಳದೆ ಬಂದು 13,000 ರೂಪಾಯಿ ಕೊಟ್ಟು ಹೋದವರು ಅಂಬಾಲಾಲ್ ಅವರೇ ಎಂದು ಚರಿತ್ರಕಾರರು ಗುರುತಿಸಿದ್ದಾರೆ. ವಿಕ್ರಂ ಅವರ ಸೋದರತ್ತೆ ಅನಸೂಯಾ ಸಾರಾಭಾಯಿ ಅವರು 1918ರ ಗಿರಣಿ ಮುಷ್ಕರದಲ್ಲಿ ಕಾರ್ಮಿಕರ ಪರ ನಿಂತರು. ಎದುರು ಪಕ್ಷದಲ್ಲಿ, ಮಾಲೀಕರ ಮುಂದಾಳಾಗಿ ನಿಂತಿದ್ದವರು ಸ್ವಂತ ತಮ್ಮ ಅಂಬಾಲಾಲ್. ಅಭಿಪ್ರಾಯ ಬೇರೆಯಾದರೂ ಅಕ್ಕ ತಮ್ಮನ ಬಾಂಧವ್ಯ ಮುರಿಯಲಿಲ್ಲ. ಒಂದೇ ವಿಷಯವನ್ನು ಹಲವು ಕಡೆಯಿಂದ ನೋಡಬಹುದೆಂಬ ಅನೇಕಾಂತದ ಪಾಠ ಆ ಮನೆಯ ಮಕ್ಕಳಿಗೆ ಬದುಕಿನಲ್ಲೇ ಸಿಕ್ಕಿತು ಎನ್ನಬಹುದು.

ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದೆತಾಯಿ ಮನೆಯಲ್ಲೇ ಶಾಲೆ ನಡೆಸಿದರು. ಯಂತ್ರಗಳಲ್ಲಿ ಆಸಕ್ತಿಯಿದ್ದ ವಿಕ್ರಂ ಅವರಿಗಾಗಿ ಅಲ್ಲಿ ಕಾರ್ಯಾಗಾರವೂ ಇತ್ತು. ರವೀಂದ್ರನಾಥ ಟಾಗೋರ್, ಗಾಂಧೀಜಿ, ನೆಹರೂ, ಸಿ.ವಿ. ರಾಮನ್ ಮೊದಲಾದವರು ಆ ಮನೆಗೆ ಬಂದು ಹೋಗುತ್ತಿದ್ದರು. ಗುಜರಾತ್ ಕಾಲೇಜಿನ ನಂತರ ವಿಕ್ರಂ ಅವರು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೇಂಟ್ ಜಾನ್ಸ್ ಕಾಲೇಜು ಸೇರಿ ನಿಸರ್ಗ ವಿಜ್ಞಾನದಲ್ಲಿ ಪದವಿ ಪಡೆದರು.

ಬೆಂಗಳೂರಿನಲ್ಲಿ ಸಂಶೋಧನೆಯ ಆರಂಭ

ಎರಡನೆಯ ಮಹಾಯುದ್ಧದ ಕಾರಣ ಅವರು ಭಾರತಕ್ಕೆ ಮರಳಬೇಕಾಯಿತು. ಕೇಂಬ್ರಿಡ್ಜ್‌ನ ಒಪ್ಪಿಗೆಯೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಆರಂಭಿಸಿದರು. ಅಣು ವಿಜ್ಞಾನಿ ಹೋಮಿ ಭಾಭಾ ಅವರೂ ಆಗ ಅಲ್ಲಿಯೇ ಇದ್ದರು. ಮುಂದೆ ದೇಶದ ಅಣುಶಕ್ತಿ ಮತ್ತು ಬಾಹ್ಯಾಕಾಶ ಕಾರ್ಯಕ್ರಮಗಳನ್ನು ಮುನ್ನಡೆಸಿದ ಇಬ್ಬರೂ ಹತ್ತಿರವಾದದ್ದು ಕರ್ನಾಟಕದ ನೆಲದಲ್ಲಿ.

ಸಾರಾಭಾಯಿ ಅವರು ಆರಿಸಿಕೊಂಡ ವಿಷಯ ವಿಶ್ವಕಿರಣ. ಬಾಹ್ಯಾಕಾಶದಿಂದ ಹಗಲು ರಾತ್ರಿಯೆನ್ನದೆ ಭೂಮಿಯ ಮೇಲೆ ಸುರಿಯುವ ಸೂಕ್ಷ್ಮ ಕಣಗಳಿವು. ಗೈಗರ್ ಕೌಂಟರ್‌ಗಳನ್ನು ಜೋಡಿಸಿ, ಯಾವ ಹೊತ್ತಿನಲ್ಲಿ ಎಷ್ಟು ಕಣಗಳು ಬರುತ್ತವೆ ಎಂದು ಅವರು ಎಣಿಸಿದರು. ಆ ಎಣಿಕೆಯ ಫಲವಾಗಿ 1942ರಲ್ಲಿ ಅವರ ಮೊದಲ ಪ್ರಬಂಧ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಅಳತೆಗಳ ಜೊತೆಗೆ ಕಾಶ್ಮೀರದ ಎತ್ತರದ ಬೆಟ್ಟಗಳಲ್ಲೂ ಅಳತೆ ನಡೆಸಿದರು. ಅದೇ 1942ರಲ್ಲಿ ಭರತನಾಟ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರೊಂದಿಗೆ ವಿವಾಹವಾಯಿತು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಹಿಂತಿರುಗಿ, ಉಷ್ಣವಲಯದ ವಿಶ್ವಕಿರಣಗಳ ಕುರಿತ ಪ್ರಬಂಧಕ್ಕೆ 1947ರಲ್ಲಿ ಡಾಕ್ಟರೇಟ್ ಪಡೆದರು.

ಬೆಂಗಳೂರಿನಲ್ಲಿ ಹಿಡಿದ ದಾರಿಯನ್ನು ಅವರು ಮುಂದೆ ಬಿಡಲಿಲ್ಲ. ವಿಶ್ವಕಿರಣದ ಪ್ರಮಾಣ ಗಂಟೆಗಂಟೆಗೆ, ದಿನದಿನಕ್ಕೆ ಬದಲಾಗುವುದೇಕೆ ಎಂಬುದು ಅವರ ಪ್ರಶ್ನೆ. ಉತ್ತರ ಇದ್ದದ್ದು ಸೂರ್ಯನಲ್ಲಿ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಆದ್ದರಿಂದ ಒಂದೆರಡು ವರ್ಷದ ಅಳತೆ ಸಾಲದು, ದಶಕಗಳ ಕಾಲ ಬಿಡದೆ ಅಳೆಯಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೆ ಸಂಸ್ಥೆಯೇ ಬೇಕು.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ

ಸ್ವಾತಂತ್ರ್ಯ ಬಂದ ಮೂರು ತಿಂಗಳೊಳಗೆ, 1947ರ ನವೆಂಬರ್ 11ರಂದು, ಅಹಮದಾಬಾದಿನ ಎಂ.ಜಿ. ವಿಜ್ಞಾನ ಸಂಸ್ಥೆಯ ಕೆಲವು ಕೋಣೆಗಳಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಸಾರಾಭಾಯಿ ಅವರಿಗೆ ಆಗ 28 ವರ್ಷ. ಅವರ ಕುಟುಂಬದ ಕರ್ಮಕ್ಷೇತ್ರ ಶಿಕ್ಷಣ ಪ್ರತಿಷ್ಠಾನ ಮತ್ತು ಅಹಮದಾಬಾದ್ ಶಿಕ್ಷಣ ಸಂಘ ಇದಕ್ಕೆ ಬೆಂಬಲ ನೀಡಿದವು. ಹವಾಮಾನ ಇಲಾಖೆಯಿಂದ ನಿವೃತ್ತರಾಗಿದ್ದ, ರಾಮನ್ ಅವರ ಹಿರಿಯ ಶಿಷ್ಯ ಪ್ರೊ. ಕೆ.ಆರ್. ರಾಮನಾಥನ್ ಅವರನ್ನು ಮೊದಲ ನಿರ್ದೇಶಕರಾಗಿ ಕರೆತಂದರು. ತಾವು ಕಟ್ಟಿದ ಸಂಸ್ಥೆಯ ಮುಖ್ಯ ಪೀಠದಲ್ಲಿ ಹಿರಿಯರನ್ನು ಕೂರಿಸಿ, ಸಾರಾಭಾಯಿ ಅವರು ವಿಶ್ವಕಿರಣ ವಿಭಾಗದ ಕೆಲಸ ನೋಡಿಕೊಂಡರು. ಪ್ರಯೋಗಾಲಯದ ಹೊಸ ಕಟ್ಟಡಕ್ಕೆ 1952ರಲ್ಲಿ ರಾಮನ್ ಅವರು ಶಂಕುಸ್ಥಾಪನೆ ಮಾಡಿದರು. 1954ರಲ್ಲಿ ಪ್ರಧಾನಿ ನೆಹರೂ ಅವರು ಉದ್ಘಾಟಿಸಿದರು.

ಸಂಶೋಧನೆಗೆ ಎರಡು ಮುಖ್ಯ ಕ್ಷೇತ್ರಗಳಿದ್ದವು. ಒಂದು ಸಾರಾಭಾಯಿ ಅವರ ವಿಶ್ವಕಿರಣ. ಇನ್ನೊಂದು ರಾಮನಾಥನ್ ಅವರು ಮುನ್ನಡೆಸಿದ ಮೇಲ್ವಾತಾವರಣದ ಅಧ್ಯಯನ, ಅಂದರೆ ಓಝೋನ್, ರಾತ್ರಿಯಾಕಾಶದ ಮಂದ ಬೆಳಕು ಮತ್ತು ಅಯಾನು ಮಂಡಲ.

ಅಯಾನು ಮಂಡಲ: ಅಳೆಯುವುದು ಹೇಗೆ, ಏಕೆ?

ಮಕ್ಕಳು ಶಾಲೆಯಲ್ಲಿ ವಾಯುಮಂಡಲದ ಪದರಗಳ ಪಾಠದಲ್ಲಿ ಅಯಾನು ಮಂಡಲದ ಹೆಸರು ಓದಿರುತ್ತಾರೆ. ನೆಲದಿಂದ ಸುಮಾರು 60 ಕಿ.ಮೀ. ಮೇಲೆ ಆರಂಭವಾಗಿ ನೂರಾರು ಕಿ.ಮೀ. ಎತ್ತರದವರೆಗೆ ಇದು ಹರಡಿದೆ. ಅಲ್ಲಿ ಗಾಳಿ ಬಹಳ ವಿರಳ. ಸೂರ್ಯನ ಅತಿನೇರಳೆ ಕಿರಣ ಮತ್ತು ಎಕ್ಸ್ ಕಿರಣಗಳು ಆ ಗಾಳಿಯ ಅಣು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಹೀಗೆ ವಿದ್ಯುದಾವೇಶ ಪಡೆದ ಪದರ ರೇಡಿಯೋ ಅಲೆಗಳನ್ನು ಬಾಗಿಸುತ್ತದೆ, ಕೆಲವನ್ನು ಕನ್ನಡಿಯಂತೆ ನೆಲಕ್ಕೆ ಹಿಂದಿರುಗಿಸುತ್ತದೆ. ಹಿಂದೆ ಮನೆಗಳಲ್ಲಿ ಶಾರ್ಟ್‌ವೇವ್‌ನಲ್ಲಿ ರೇಡಿಯೋ ಸಿಲೋನ್ ಕೇಳುತ್ತಿದ್ದ ಹಿರಿಯರಿಗೆ ಹಾಡು ಒಮ್ಮೆ ಸ್ಪಷ್ಟವಾಗಿ, ಮರುಕ್ಷಣ ತೇಲಿ ದೂರ ಹೋದಂತೆ ಕೇಳುತ್ತಿದ್ದುದು ನೆನಪಿರಬಹುದು. ಅಯಾನು ಮಂಡಲದ ಏರಿಳಿತವೇ ಅದಕ್ಕೆ ಮುಖ್ಯ ಕಾರಣ.

ಈ ಪದರ ಬೆಳಗಿನಂತೆ ಮಧ್ಯಾಹ್ನ ಇರುವುದಿಲ್ಲ, ಮಧ್ಯಾಹ್ನದಂತೆ ರಾತ್ರಿ ಇರುವುದಿಲ್ಲ. ಋತುವಿನೊಂದಿಗೆ, ಸೂರ್ಯನ 11 ವರ್ಷದ ಚಕ್ರದೊಂದಿಗೆ ಬದಲಾಗುತ್ತಲೇ ಇರುತ್ತದೆ. ಅದನ್ನು ಅಳೆಯಲು ನೆಲದಿಂದ ಬೇರೆ ಬೇರೆ ಕಂಪನಾಂಕದ ರೇಡಿಯೋ ಮಿಡಿತಗಳನ್ನು ನೇರ ಮೇಲಕ್ಕೆ ಕಳಿಸಿ, ಪ್ರತಿಧ್ವನಿ ಮರಳಲು ಎಷ್ಟು ಹೊತ್ತಾಯಿತು ಎಂದು ನೋಡುತ್ತಾರೆ. ಹೊತ್ತಿನಿಂದ ಪದರದ ಎತ್ತರ ತಿಳಿಯುತ್ತದೆ. ಯಾವ ಕಂಪನಾಂಕದವರೆಗೆ ಪ್ರತಿಧ್ವನಿ ಬರುತ್ತದೆ ಎಂಬುದರಿಂದ ಎಲೆಕ್ಟ್ರಾನುಗಳ ಸಾಂದ್ರತೆ ತಿಳಿಯುತ್ತದೆ. ಇನ್ನೊಂದು ವಿಧಾನವೂ ಉಂಟು. ಆಕಾಶದಿಂದ ಸದಾ ಬರುವ ರೇಡಿಯೋ ಗದ್ದಲ ಈ ಪದರವನ್ನು ದಾಟುವಾಗ ಎಷ್ಟು ಕುಗ್ಗುತ್ತದೆ ಎಂದು ನೋಡುವುದು. 1950ರ ದಶಕದಲ್ಲಿ ಅಹಮದಾಬಾದಿನಲ್ಲಿ 25 ಮೆಗಾಹರ್ಟ್ಸ್‌ನಲ್ಲಿ ಇಂಥ ಅಳತೆ ನಡೆಯಿತು.

ಇಲ್ಲಿ ಭಾರತಕ್ಕೆ ಒಂದು ವಿಶೇಷ ಸ್ಥಾನವಿದೆ. ಭೂಮಿಯ ಕಾಂತ ಸಮಭಾಜಕ ರೇಖೆ ದೇಶದ ದಕ್ಷಿಣ ತುದಿಯಲ್ಲಿ ಹಾದುಹೋಗುತ್ತದೆ. ಅಲ್ಲಿ ಹಗಲು ಹೊತ್ತಿನಲ್ಲಿ, ಸುಮಾರು 105 ಕಿ.ಮೀ. ಎತ್ತರದಲ್ಲಿ, ಕಿರಿದಾದ ಪಟ್ಟಿಯಾಗಿ ಪ್ರಬಲ ವಿದ್ಯುತ್ ಪ್ರವಾಹ ಪೂರ್ವದ ಕಡೆಗೆ ಹರಿಯುತ್ತದೆ. ಅದಕ್ಕೂ ಮೇಲೆ, ಎಲೆಕ್ಟ್ರಾನುಗಳು ಕಾರಂಜಿಯಂತೆ ಮೇಲೆದ್ದು, ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಜಾರಿ ಬೀಳುತ್ತವೆ. ಹೀಗೆ ಬಿದ್ದು ರಾಶಿಯಾಗುವ ಉತ್ತರದ ಜಾಗ ಅಹಮದಾಬಾದಿನ ಆಸುಪಾಸಿನ ಆಕಾಶ. ಕಾರಂಜಿಯ ಬುಡ ಕೇರಳದ ಮೇಲೆ, ಅದರ ರಾಶಿ ಗುಜರಾತಿನ ಮೇಲೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಆಕಾಶ ಇವೆರಡರ ನಡುವೆ ಇದೆ.

ತುಂಬಾದಲ್ಲಿ ರಾಕೆಟ್ ನೆಲೆ

ಈ ವಿದ್ಯುತ್ ಪ್ರವಾಹವನ್ನು ಇದ್ದಲ್ಲಿಯೇ ಅಳೆಯುವುದು ಕಷ್ಟದ ಕೆಲಸ. ಬಲೂನು ಸುಮಾರು 40 ಕಿ.ಮೀ.ಗಿಂತ ಹೆಚ್ಚು ಮೇಲೇರದು. ಉಪಗ್ರಹ 100 ಕಿ.ಮೀ.ಯಷ್ಟು ಕೆಳಗೆ ಸುತ್ತಲಾರದು. ನಡುವಿನ ಜಾಗಕ್ಕೆ ಹೋಗಿ ಬರಬಲ್ಲದ್ದು ಸಣ್ಣ ಶೋಧಕ ರಾಕೆಟ್ ಮಾತ್ರ. ಆದ್ದರಿಂದ ಕಾಂತ ಸಮಭಾಜಕದ ಕೆಳಗೇ ರಾಕೆಟ್ ನೆಲೆ ಬೇಕಾಯಿತು. 1962ರಲ್ಲಿ ಭಾಭಾ ಅವರ ಬೆಂಬಲದೊಂದಿಗೆ, ಸಾರಾಭಾಯಿ ಅವರ ಅಧ್ಯಕ್ಷತೆಯಲ್ಲಿ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿ ರಚನೆಯಾಯಿತು. ತಿರುವನಂತಪುರದ ಬಳಿಯ ಮೀನುಗಾರರ ಊರು ತುಂಬಾ ಆಯ್ಕೆಯಾಯಿತು.

ಆ ಜಾಗದಲ್ಲಿ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ತಮ್ಮ ಜನರೊಂದಿಗೆ ಮಾತನಾಡಿದರು, ಊರಿನವರು ಒಪ್ಪಿದರು. ಮೀನುಗಾರ ಕುಟುಂಬಗಳು ಮನೆ ಬಿಟ್ಟು ಹೊಸ ಜಾಗಕ್ಕೆ ಹೋದವು. ಚರ್ಚ್ ವಿಜ್ಞಾನಿಗಳ ಕಚೇರಿಯಾಯಿತು. ಕಟ್ಟಡವನ್ನು ಕೆಡವದೆ ಉಳಿಸಿಕೊಳ್ಳಲಾಯಿತು, ಇಂದು ಅದು ಬಾಹ್ಯಾಕಾಶ ವಸ್ತು ಸಂಗ್ರಹಾಲಯ. ದೇಶದ ಬಾಹ್ಯಾಕಾಶ ಸಾಧನೆಯ ಅಡಿಪಾಯದಲ್ಲಿ ಆ ಬಡ ಕುಟುಂಬಗಳ ತ್ಯಾಗವೂ ಇದೆ ಎಂಬುದನ್ನು ಮರೆಯಬಾರದು.

1963ರ ನವೆಂಬರ್ 21ರ ಸಂಜೆ ಅಮೆರಿಕದ ನೈಕಿ ಅಪಾಚೆ ರಾಕೆಟ್ ಅಲ್ಲಿಂದ ಮೇಲೇರಿತು. ಅದು ಮೇಲ್ವಾತಾವರಣದಲ್ಲಿ ಸೋಡಿಯಂ ಆವಿಯನ್ನು ಬಿಟ್ಟಿತು. ನೆಲದಲ್ಲಿ ಕತ್ತಲಾಗುತ್ತಿದ್ದರೂ ಎತ್ತರದಲ್ಲಿ ಇನ್ನೂ ಬಿಸಿಲಿದ್ದುದರಿಂದ ಆ ಆವಿ ಕಿತ್ತಳೆ ಬಣ್ಣದ ಮೋಡವಾಗಿ ಹೊಳೆಯಿತು. ಮೋಡ ಸರಿದ ದಿಕ್ಕನ್ನು ಕ್ಯಾಮೆರಾಗಳಲ್ಲಿ ಹಿಡಿದು ಅಲ್ಲಿನ ಗಾಳಿಯ ವೇಗವನ್ನು ಲೆಕ್ಕ ಹಾಕಲಾಯಿತು. ನಂತರದ ವರ್ಷಗಳಲ್ಲಿ ಅಹಮದಾಬಾದಿನ ಪ್ರಯೋಗಾಲಯದವರು ಕಾಂತಮಾಪಕ ಮತ್ತು ಎಲೆಕ್ಟ್ರಾನ್ ಸಾಂದ್ರತೆ ಅಳೆಯುವ ಲ್ಯಾಂಗ್‌ಮ್ಯೂರ್ ಶೋಧಕಗಳನ್ನು ರಾಕೆಟ್‌ಗಳಲ್ಲಿ ಕಳಿಸಿ ಆ ವಿದ್ಯುತ್ ಪ್ರವಾಹದೊಳಗೇ ಅಳತೆ ಮಾಡಿದರು. 1967ರಲ್ಲಿ ಭಾರತದಲ್ಲೇ ತಯಾರಾದ ಪುಟ್ಟ ರೋಹಿಣಿ ರಾಕೆಟ್ ಹಾರಿತು. 1968ರ ಫೆಬ್ರವರಿ 2ರಂದು ಪ್ರಧಾನಿ ಇಂದಿರಾ ಗಾಂಧಿ ಅವರು ತುಂಬಾ ನೆಲೆಯನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು. ಯಾವ ದೇಶದ ವಿಜ್ಞಾನಿಯಾದರೂ ಬಂದು ಅಳತೆ ಮಾಡಬಹುದಾದ ಜಾಗವಾಯಿತು ಅದು.

ಅಣುಶಕ್ತಿ ಆಯೋಗ ಮತ್ತು ಗೌರಿಬಿದನೂರು

1966ರ ಜನವರಿಯಲ್ಲಿ ಭಾಭಾ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಸಾರಾಭಾಯಿ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅದು ಕಷ್ಟದ ಕಾಲ. ಚೀನಾ 1964ರಲ್ಲಿ ಅಣುಬಾಂಬ್ ಪರೀಕ್ಷಿಸಿತ್ತು, ಭಾರತವೂ ಬಾಂಬ್ ಮಾಡಬೇಕೆಂಬ ಒತ್ತಾಯ ಜೋರಾಗಿತ್ತು. ಸಾರಾಭಾಯಿ ಅವರು ಅದಕ್ಕೆ ಒಲವು ತೋರಲಿಲ್ಲ. ದೇಶದ ಭದ್ರತೆ ಬಾಂಬ್ ಒಂದರಿಂದಲೇ ಬರುವುದಿಲ್ಲ, ಜನರ ಆರ್ಥಿಕ ಬಲವೂ ಭದ್ರತೆಯೇ ಎಂಬುದು ಅವರ ನಿಲುವಾಗಿತ್ತು. ಆಯೋಗದೊಳಗೇ ಇದಕ್ಕೆ ವಿರೋಧವಿತ್ತು, ಟೀಕೆಯೂ ಬಂತು. ಹಲವು ಸಂಸ್ಥೆಗಳ ಹೊಣೆಯನ್ನು ಒಮ್ಮೆಗೇ ಹೊತ್ತಿದ್ದಾರೆಂಬ ಆಕ್ಷೇಪವೂ ಇತ್ತು. 1970ರಲ್ಲಿ ಅವರು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಹಾಸಮ್ಮೇಳನದ ಅಧ್ಯಕ್ಷರಾದರು. ಪೋಖ್ರಣದ ಮೊದಲ ಪರೀಕ್ಷೆ ನಡೆದದ್ದು ಅವರ ನಿಧನದ ನಂತರ, 1974ರಲ್ಲಿ.

ಆ ಕಾಲದಲ್ಲಿ ಅಣುಶಕ್ತಿ ಇಲಾಖೆಯ ಒಂದು ಕೇಂದ್ರ ನಮ್ಮ ಗೌರಿಬಿದನೂರಿನಲ್ಲಿ ಕೆಲಸ ಮಾಡುತ್ತಿತ್ತು. ಆಗ ಈ ಭಾಗ ಕೋಲಾರ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಆರಂಭವಾದ ಭೂಕಂಪನ ಮಾಪಕಗಳ ಆ ಸಾಲು ಭೂಕಂಪಗಳನ್ನೂ ದೂರದ ದೇಶಗಳ ಭೂಗತ ಅಣುಸ್ಫೋಟಗಳನ್ನೂ ಗುರುತಿಸಬಲ್ಲದು. ಸ್ಫೋಟ ಮಾಡುವ ವಿದ್ಯೆಯ ಬಗ್ಗೆ ದೆಹಲಿಯಲ್ಲಿ ವಾದ ನಡೆಯುತ್ತಿದ್ದಾಗ, ಬಯಲುಸೀಮೆಯ ಗಟ್ಟಿ ಕಲ್ಲಿನ ಮೇಲೆ ಕುಳಿತ ಈ ಉಪಕರಣಗಳು ಸದ್ದಿಲ್ಲದೆ ಭೂಮಿಯ ನಡುಕವನ್ನು ದಾಖಲಿಸುತ್ತಿದ್ದವು.

ಜನರಿಗಾಗಿ ಬಾಹ್ಯಾಕಾಶ

ಬಡ ದೇಶಕ್ಕೆ ರಾಕೆಟ್ ಏಕೆ ಎಂಬ ಪ್ರಶ್ನೆಯನ್ನು ಸಾರಾಭಾಯಿ ಅವರು ಜೀವನವಿಡೀ ಎದುರಿಸಿದರು. ಚಂದ್ರನ ಮೇಲೆ ಇಳಿಯುವ ಸ್ಪರ್ಧೆ ನಮಗೆ ಬೇಕಿಲ್ಲ, ಆದರೆ ಜನರ ನಿತ್ಯದ ಸಮಸ್ಯೆಗಳಿಗೆ ಹೊಸ ತಂತ್ರಜ್ಞಾನ ಬಳಸುವುದರಲ್ಲಿ ಹಿಂದೆ ಬೀಳಬಾರದು ಎಂಬುದು ಅವರ ಉತ್ತರವಾಗಿತ್ತು. 1969ರ ಆಗಸ್ಟ್ 15ರಂದು ಇಸ್ರೋ ಸ್ಥಾಪನೆಯಾಯಿತು. ಅದೇ ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮ ಬಿತ್ತರಿಸಲು ಅಮೆರಿಕದ ನಾಸಾದೊಂದಿಗೆ ಒಪ್ಪಂದವಾಯಿತು. ಅವರ ನಂತರ, 1975 ಮತ್ತು 1976ರಲ್ಲಿ, ಆರು ರಾಜ್ಯಗಳ ಹಳ್ಳಿಗಳಲ್ಲಿ ಇದು ಜಾರಿಯಾಯಿತು. ಕರ್ನಾಟಕದ ಕಲಬುರಗಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳ ರೈತರು ಟಿ.ವಿ.ಯಲ್ಲಿ ಕೃಷಿ, ಆರೋಗ್ಯದ ಪಾಠ ನೋಡಿದರು.

1971ರ ಡಿಸೆಂಬರ್ 30ರಂದು, ಕೇರಳದ ಕೋವಳಂನಲ್ಲಿ, ತುಂಬಾದ ಕೆಲಸಕ್ಕೆಂದು ಬಂದಿದ್ದ ಸಾರಾಭಾಯಿ ಅವರು ನಿದ್ರೆಯಲ್ಲೇ ತೀರಿಕೊಂಡರು. ಅವರಿಗೆ 52 ವರ್ಷವಾಗಿತ್ತಷ್ಟೆ. ಮುಂದೆ ಪ್ರೊ. ಸತೀಶ್ ಧವನ್ ಅವರ ನೇತೃತ್ವದಲ್ಲಿ ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದ್ದ ಉಡುಪಿಯ ಪ್ರೊ. ಯು.ಆರ್. ರಾವ್ ಅವರು ಪೀಣ್ಯದ ಶೆಡ್‌ಗಳಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಸಿದ್ಧಪಡಿಸಿದರು. 1975ರ ಏಪ್ರಿಲ್ 19ರಂದು ಹಾರಿದ ಅದರಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು ಮೇಲ್ವಾತಾವರಣದ ಅಧ್ಯಯನಕ್ಕೇ ಮೀಸಲಾಗಿತ್ತು.

ನಮ್ಮ ಜಿಲ್ಲೆಯ ಆಕಾಶದಲ್ಲಿ ಆ ಅಳತೆಯ ಎಳೆ

ಸಾರಾಭಾಯಿ ಅವರ ಕಾಲದ ನಂತರ, 1976ರ ಹೊತ್ತಿಗೆ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಗೌರಿಬಿದನೂರಿನ ಬಳಿ ಇಂಗ್ಲಿಷಿನ ಟಿ ಅಕ್ಷರದ ಆಕಾರದ ದೊಡ್ಡ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಅದರ ಪೂರ್ವ ಪಶ್ಚಿಮ ತೋಳಿನ ಉದ್ದ ಸುಮಾರು 1.4 ಕಿ.ಮೀ. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್‌ನ ಅಲೆಗಳನ್ನು. ಇಷ್ಟು ಕಡಿಮೆ ಕಂಪನಾಂಕದಲ್ಲಿ ಅಯಾನು ಮಂಡಲ ಅಲೆಗಳನ್ನು ಬಾಗಿಸಿ, ಆಕಾಶದ ಮೂಲಗಳು ತುಸು ಸರಿದಂತೆ ತೋರಿಸುತ್ತದೆ. ಆದ್ದರಿಂದ ಇಲ್ಲಿಂದ ಸೂರ್ಯನನ್ನು ನೋಡುವವರು ನಡುವಿನ ಪದರದ ಲೆಕ್ಕವನ್ನೂ ಇಟ್ಟುಕೊಳ್ಳಲೇಬೇಕು.

ಮೊಬೈಲ್‌ನಲ್ಲಿ ದಾರಿ ನೋಡುವ ಎಲ್ಲರಿಗೂ ಇದು ಸಂಬಂಧಿಸಿದ ವಿಷಯ. ಚಿಂತಾಮಣಿಯಿಂದ ಟೊಮೆಟೊ ಹೊತ್ತ ಲಾರಿಗೂ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟ ಟೆಂಪೋಗೂ ದಾರಿ ತೋರುವ ಉಪಗ್ರಹ ಸಂಕೇತಗಳು ಅಯಾನು ಮಂಡಲವನ್ನು ದಾಟಿಯೇ ಬರಬೇಕು. ದಾಟುವಾಗ ಅವು ತಡವಾಗುತ್ತವೆ. ಅದರಿಂದ ಸ್ಥಳದ ಲೆಕ್ಕ ಹಲವು ಮೀಟರ್‌ಗಳಷ್ಟು ತಪ್ಪಬಹುದು. ಸಂಜೆಯ ನಂತರ ಈ ಪದರದಲ್ಲಿ ಗುಳ್ಳೆಗಳಂತಹ ಟೊಳ್ಳುಗಳು ಎದ್ದು ಸಂಕೇತ ಮಿನುಗುವುದೂ ಉಂಟು.

ಎಲ್ಲ ಜಾಗದಲ್ಲೂ ಅಳೆಯುವುದು ಸಾಧ್ಯವಿಲ್ಲದ್ದರಿಂದ ವಿಜ್ಞಾನಿಗಳು ಗಣಿತದ ಮಾದರಿಗಳನ್ನು ರಚಿಸುತ್ತಾರೆ. ಕೆಲವು ಕಡೆಯ ಅಳತೆಗಳಿಂದ ಉಳಿದ ಕಡೆಯ ಸ್ಥಿತಿಯನ್ನು ಅಂದಾಜು ಮಾಡುವ ಲೆಕ್ಕವಿದು. ವಿಮಾನಗಳಿಗಾಗಿ ಭಾರತ ರೂಪಿಸಿದ ಗಗನ್ ವ್ಯವಸ್ಥೆ ದೇಶದ 15 ಕೇಂದ್ರಗಳ ಅಳತೆಯನ್ನು ಬೆಂಗಳೂರಿನಲ್ಲಿ ಒಟ್ಟುಗೂಡಿಸಿ, ಆಕಾಶವನ್ನು ಚೌಕಗಳಾಗಿ ಭಾಗಿಸಿ, ಎಲ್ಲಿ ಎಷ್ಟು ತಡವಾಗುತ್ತದೆ ಎಂದು ತಿಳಿಸುತ್ತದೆ. ಕಾರಂಜಿಯ ಬುಡಕ್ಕೂ ರಾಶಿಗೂ ನಡುವೆ ಇರುವ ನಮ್ಮಂಥ ಪ್ರದೇಶಕ್ಕೆ ಹೊರದೇಶಗಳ ಮಾದರಿಗಳು ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿಯ ಆಕಾಶವನ್ನು ಇಲ್ಲಿಂದಲೇ ಅಳೆಯಬೇಕು.

2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಲ್ಯಾಂಡರ್‌ಗೆ ವಿಕ್ರಂ ಎಂದೇ ಹೆಸರು. ಅದರಲ್ಲಿ ಚಂದ್ರನ ನೆಲದ ಸಮೀಪದ ವಿದ್ಯುದಾವೇಶವನ್ನು ಅಳೆಯುವ ಲ್ಯಾಂಗ್‌ಮ್ಯೂರ್ ಶೋಧಕವಿತ್ತು. ತುಂಬಾದಿಂದ ಅಯಾನು ಮಂಡಲಕ್ಕೆ ಹಾರಿದ್ದ ಉಪಕರಣಗಳ ಜಾತಿಯದೇ ಅದು, ತಯಾರಾದದ್ದೂ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿಯೇ.

ಸಮಾಜಕ್ಕೆ ಮಾದರಿ

ಜೈನ ಪರಂಪರೆಯಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿವೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಶಾಸ್ತ್ರದಾನ. ಗಿರಣಿ ಮಾಲೀಕರ ಮಗ ತನ್ನ ಕುಟುಂಬದ ಹಣದ ನೆರವಿನಿಂದ ಪ್ರಯೋಗಾಲಯ ಕಟ್ಟಿ, ಅಲ್ಲಿ ಹಿರಿಯರನ್ನು ಕೂರಿಸಿ, ಕಿರಿಯರನ್ನು ಬೆಳೆಸಿದ್ದನ್ನು ಅದೇ ಸಾಲಿನಲ್ಲಿ ಇಡಬಹುದು. ಬಾಂಬಿನ ಬೇಡಿಕೆಯ ನಡುವೆಯೂ ಶಾಂತಿಯ ಬಳಕೆಗೆ ಅಂಟಿಕೊಂಡದ್ದರಲ್ಲಿ ಅಭಯದಾನದ ಛಾಯೆಯನ್ನೂ ಕಾಣಬಹುದು. ನಮ್ಮ ಮಕ್ಕಳು ಗೌರಿಬಿದನೂರಿನ ದಾರಿಯಲ್ಲಿ ಹೋಗುವಾಗ, ಕಾಣದ ಪದರವೊಂದನ್ನು ದಶಕಗಳ ಕಾಲ ತಾಳ್ಮೆಯಿಂದ ಅಳೆದವರ ಕಥೆಯನ್ನು ಅವರಿಗೆ ಹೇಳಬೇಕು.

ಜೀವನದ ಮುಖ್ಯ ಘಟ್ಟಗಳು

1919: ಅಹಮದಾಬಾದಿನಲ್ಲಿ ಜನನ
1942: ಬೆಂಗಳೂರಿನಿಂದ ಮೊದಲ ಸಂಶೋಧನಾ ಪ್ರಬಂಧ, ವಿವಾಹ
1947: ಡಾಕ್ಟರೇಟ್, ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪನೆ
1961: ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪನೆಯಲ್ಲಿ ಮುಖ್ಯ ಪಾತ್ರ
1962: ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, ಬಾಹ್ಯಾಕಾಶ ಸಮಿತಿಯ ಅಧ್ಯಕ್ಷತೆ
1963: ತುಂಬಾದಿಂದ ಮೊದಲ ರಾಕೆಟ್
1966: ಪದ್ಮಭೂಷಣ, ಅಣುಶಕ್ತಿ ಆಯೋಗದ ಅಧ್ಯಕ್ಷತೆ
1969: ಇಸ್ರೋ ಸ್ಥಾಪನೆ
1971: ಡಿಸೆಂಬರ್ 30ರಂದು ನಿಧನ
1972: ಮರಣೋತ್ತರ ಪದ್ಮವಿಭೂಷಣ